ಬಣವೆಯ ಬಿಸಿ

ಹೊಳೆದಂಡೆಯ ಮಠದಲ್ಲಿ ದನ ನೋಡಿಕೊಂಡಿದ್ದವನು ಚಂಬಣ್ಣ. ಹೆಂಡತಿ ಸತ್ತ ಮೇಲೆ ಬಂದವನು, ಅಲ್ಲೇ ಉಳಿದ. ಮಠದ ಅಜ್ಜಾರೇ ಅವನಿಗೆ ಗುರು.

ಚಂಬಣ್ಣನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿತ್ತು. ಮೂತ್ರದ ಕಲ್ಲಿರಬೇಕೆಂದು ಸ್ಕ್ಯಾನ್ ಮಾಡಿಸಿದಾಗ ಕಂಡದ್ದು ಅದು. ಒಡೆದರೆ ಜೀವ ಉಳಿಯುವುದು ಕಷ್ಟ ಎಂದರು ಡಾಕ್ಟರು. ಉಬ್ಬು ಇನ್ನೂ ಸಣ್ಣದು. ಆದರೆ ಅಗಲ ಅಳೆದರಷ್ಟೇ ಸಾಲದು, ನಾಳದ ಗೋಡೆಯಲ್ಲಿ ಉರಿಯೂತ ಇದೆಯೋ ನೋಡಬೇಕು, ಇದ್ದರೆ ಸಣ್ಣದೂ ಒಡೆಯಬಹುದು ಎಂದರು. ಮೈಗೆ ಔಷಧ ಏರಿಸಿ ತೆಗೆಯುವ ಬೇರೆ ಸ್ಕ್ಯಾನ್ ಇದೆ, ಬನ್ನಿ ಎಂದು ಕರೆದರು.

ಚಂಬಣ್ಣ ಹೋಗಲಿಲ್ಲ.

ಹೆಂಡತಿಯನ್ನು ಅಂಥದೇ ಯಂತ್ರದೊಳಗೆ ಮಲಗಿಸಿದ್ದರು. ಆಮೇಲೆ ಅವಳು ಮನೆಗೆ ಬಂದಿರಲಿಲ್ಲ.

ಸ್ಕ್ಯಾನಿಗೆ ಯಾವಾಗ ಹೋಗುತ್ತೀ ಎಂದು ಅಜ್ಜಾರು ದಿನವೂ ಕೇಳುತ್ತಿದ್ದರು. ಇವನು ದಿನವೂ ಅಂಗಿ ಎತ್ತಿ ಉಡದಾರ ತೋರಿಸುತ್ತಿದ್ದ. ದಾರ ಬಿಗಿಯಾಗಿಲ್ಲ, ಅಂದರೆ ಉಬ್ಬು ಬೆಳೆದಿಲ್ಲ. ಅಷ್ಟೇ ಇವನ ಮಾತು.

“ಉಡದಾರಕ್ಕ ಕಣ್ಣದಾವೇನಲೇ?” ಎಂದರು ಅಜ್ಜಾರು.

“ಇದ್ದಿದ್ರ ನನ್ನ ಸೊಂಟದಾಗ ಯಾಕ ಇರ್ತಿತ್ರೀ ಅಜ್ಜಾರ?”

ಅಜ್ಜಾರು ಬುದ್ಧಿ ಹೇಳಿದರು. ಬೈದರು. ಕಡೆಗೆ ಬೇಸತ್ತು ಮಾತೇ ಬಿಟ್ಟರು. ಚಂಬಣ್ಣನಿಗೆ ಅದೇ ಹಿತವಾಯಿತು.

ಒಂದು ಮುಂಜಾನೆ ಅಜ್ಜಾರು ಅವನನ್ನು ಬಣವೆಯ ಹತ್ತಿರ ಕರೆದೊಯ್ದರು. ಅಕಾಲದ ಮಳೆಗೆ ನೆನೆದ ಹುಲ್ಲನ್ನು ಒಣಗಿಸದೆಯೇ ಅವಸರದಲ್ಲಿ ಒಟ್ಟಿದ್ದವನು ಚಂಬಣ್ಣನೇ.

“ಬಣವಿ ದಪ್ಪ ಆಗೇತೇನು?”

ಚಂಬಣ್ಣ ಸುತ್ತು ಹಾಕಿ ಬಂದ. “ಇಲ್ರೀ. ಒಟ್ಟಿದಾಗ ಹೆಂಗಿತ್ತೋ ಹಂಗೇ ಐತ್ರಿ.”

“ಕೈ ಹಾಕು.”

ಹಾಕಿದ.

“ಇನ್ನೂ ಒಳಗ.”

ತೋಳು ಪೂರ್ತಿ ತೂರಿಸಿದವನು ಸರಕ್ಕನೆ ಎಳೆದುಕೊಂಡ. ಒಳಗಿನ ಹುಲ್ಲು ಕಾದ ಹಂಚಿನಂತೆ ಸುಡುತ್ತಿತ್ತು.

ಮಗ್ಗುಲಲ್ಲೇ ಕೊಟ್ಟಿಗೆ. ಹಸಿ ಹುಲ್ಲು ಹೀಗೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುತ್ತದೆ; ಬಣವೆಗೆ ಬೆಂಕಿ ಹತ್ತಿದರೆ ದನವೆಲ್ಲ ಹೋದಂತೆಯೇ. ಈಗಿಂದೀಗಲೇ ಬಿಚ್ಚಿ ಹರವಬೇಕು ಎನ್ನುತ್ತ ಚಂಬಣ್ಣ ಏಣಿಗೆ ಓಡಿದ.

ಅಜ್ಜಾರು ಏಣಿಗೆ ಅಡ್ಡ ನಿಂತರು.

“ಸರೀರಿ ಅಜ್ಜಾರ. ಒಳಗ ಸುಡಾಕತ್ತೈತಿ.”

ಅಜ್ಜಾರು ಸರಿಯಲಿಲ್ಲ.

“ಹೊಗಿ ಬರ್ಲಿ ತಡಿ. ನಿನಗೇನು ಅವಸರ?”