ಬಡಿಯದೆ ಬಿಟ್ಟ ಬಾಗಿಲು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಗದಗಿನ ಹೊಲಿಗೆ ಟೀಚರ್ ಸುಗುಣಾಬಾಯಿ. ಇದರಲ್ಲಿ ಗುರುವಾದವನು ಅವರ ಅಕ್ಕನ ಮಗ. ಗುರುವಿನ ಪಾಲು ತುಸು ಹೆಚ್ಚೇ ಹೊಳೆಯುತ್ತಿದ್ದರೆ ಅದಕ್ಕೆ ಕಾರಣ ರಕ್ತಸಂಬಂಧ.

ಗುರುವಿಗೆ ಇಪ್ಪತ್ತೊಂದು ವರ್ಷ, ಶಿಷ್ಯನಿಗೆ ಹತ್ತೊಂಬತ್ತು. ಇಬ್ಬರೂ ಮಾರ್ಮನ್ ಪಂಥದ ಮಿಷನರಿಗಳು. ಬಿಳಿ ಅಂಗಿ, ಕಪ್ಪು ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಈ ವಯಸ್ಸಿನಲ್ಲೇ ಒಬ್ಬರನ್ನೊಬ್ಬರು ‘ಎಲ್ಡರ್’, ಅಂದರೆ ಹಿರಿಯರೇ, ಎಂದು ಕರೆಯುವುದು ಅಲ್ಲಿನ ಪದ್ಧತಿ. ನಗುವವರು ನಕ್ಕುಕೊಳ್ಳಬಹುದು. ಅವರಿಬ್ಬರೂ ನಗುತ್ತಿರಲಿಲ್ಲ.

ಗುರು ಎಲ್ಡರ್ ಹೊಸಮನಿ. ಎರಡು ವರ್ಷದ ಸೇವೆಯಲ್ಲಿ ಅವನಿಗೆ ಇನ್ನು ಐದೇ ವಾರ ಉಳಿದಿತ್ತು. ಶಿಷ್ಯ ಎಲ್ಡರ್ ತಂಗರಾಜ್, ಕೋಲಾರದ ಚಿನ್ನದ ಗಣಿ ಕಡೆಯವನು. ಅವನನ್ನು ಮಂಗಳೂರಿನಲ್ಲಿದ್ದ ಹೊಸಮನಿಯ ಜೊತೆಗಾರನಾಗಿ ಕಳಿಸಿದರು.

ಯಾರು ಏನು ಕೊಟ್ಟರೂ ತಿನ್ನಬೇಡ ಎಂದು ತಂಗರಾಜ್‌ನ ಅಮ್ಮ ಹೇಳಿ ಕಳಿಸಿದ್ದಳು. ರೈಲಿನಲ್ಲಿ ಎದುರಿನ ಸೀಟಿನ ಅಜ್ಜಿ ಒಂದು ಕಿತ್ತಳೆ ಕೊಟ್ಟಳು. ಅವನು ಅದನ್ನು ಬ್ಯಾಗಿಗೆ ಹಾಕಿಕೊಂಡು, ಸ್ಟೇಷನ್ನಿನಲ್ಲಿ ಇಳಿದೊಡನೆ ಕಸದ ಡಬ್ಬಿಗೆ ಎಸೆದ.

ಕರೆದೊಯ್ಯಲು ಬಂದ ಹೊಸಮನಿ ಅದನ್ನು ನೋಡಿದ.

ಮಿಷನ್ನಿನ ಮೊದಲ ನಿಯಮ, ಜೊತೆಗಾರರು ಅಗಲಬಾರದು. ಒಬ್ಬ ಇನ್ನೊಬ್ಬನ ಕಣ್ಣಿಗೆ ಕಾಣುತ್ತಿರಬೇಕು, ಕಿವಿಗೆ ಕೇಳುತ್ತಿರಬೇಕು. ತಂಗರಾಜ್‌ಗೆ ಈ ನಿಯಮ ತುಂಬಾ ಹಿಡಿಸಿತ್ತು. ಗುಮಾನಿಯ ಮನುಷ್ಯನಿಗೆ ಹೇಳಿ ಮಾಡಿಸಿದ ನಿಯಮ ಅದು.

ಮರುದಿನ, ಬುಧವಾರ, ಬಾಗಿಲು ಬಡಿಯುವ ಕೆಲಸ ಶುರುವಾಯಿತು. ಮೊದಲ ಮನೆಯವರು ಇವರನ್ನು ಔಷಧ ಕಂಪನಿಯವರೆಂದುಕೊಂಡು, ಡಾಕ್ಟರ ಮನೆ ಮುಂದೆ ಎಂದರು. ಎರಡನೆಯ ಮನೆಯವರು ನಾಯಿಯ ಸರಪಳಿ ಬಿಚ್ಚಿದರು. ಮೂರನೆಯ ಮನೆಯ ಹೆಂಗಸು, ನಿಮ್ಮವರೇ ಕೊಟ್ಟ ನೀರಿನ ಫಿಲ್ಟರ್ ಆರು ತಿಂಗಳಿಗೇ ಕೆಟ್ಟಿದೆ ಎಂದು ಜಗಳಕ್ಕೆ ನಿಂತಳು. ಹೊಸಮನಿ ಕೂತು ಅದನ್ನು ಬಿಚ್ಚಿ, ತೊಳೆದು, ಸರಿ ಮಾಡಿಕೊಟ್ಟ. ಅವಳು ನೀರು ಬರುತ್ತದೆಯೋ ನೋಡಿಕೊಂಡು ಬಾಗಿಲು ಹಾಕಿದಳು.

ತಂಗರಾಜ್‌ಗೆ ರೇಗಿತು.

“ಎಲ್ರೂ ನಮ್ಮನ್ನ ಕಳ್ಳರ ಥರ ನೋಡ್ತಾರಲ್ಲ, ಎಲ್ಡರ್.”

“ಕಿತ್ತಳಿ ಕೊಟ್ಟಾಕಿನ್ನ ನೀ ಹೆಂಗ ನೋಡಿದಿ?” ಎಂದ ಹೊಸಮನಿ.

ಮಧ್ಯಾಹ್ನ ಇಬ್ಬರೂ ಹೊಳೆಯ ಕಡೆಗಿನ ಓಣಿಗೆ ಇಳಿದರು. ಕೊನೆಯಲ್ಲಿ ಒಂದು ಹೆಂಚಿನ ಮನೆ, ಅದರ ಮುಂದೆ ತೆಂಗಿನ ಮಡಲು ಹೆಣೆದ ಎದೆಮಟ್ಟದ ತಟ್ಟಿ. ಹೊಸಮನಿ ಬಾಗಿಲು ಬಡಿಯದೆ, ತನ್ನದೇ ಮನೆಯೆಂಬಂತೆ ತಟ್ಟಿ ಸರಿಸಿದ.

“ಒಳಗ ಒಂದು ಕೆಲಸ ಐತಿ. ಬರ್ತಿಯೇನು?”

“ಏನು ಕೆಲಸ?”

“ಬಂದ್ರ ಕಾಣತೈತಿ.”

ಹೀಗೆ ಕರೆದರೆ ಯಾರು ಹೋಗುತ್ತಾರೆ? ತಂಗರಾಜ್ ತಾನು ಇಲ್ಲೇ ಇರುವುದಾಗಿ ಹೇಳಿ, ಓಣಿಯ ಆಚೆಯ ಕೆಂಪುಕಲ್ಲಿನ ಕಟ್ಟೆಯ ಮೇಲೆ ಕೂತ.

ತಟ್ಟಿಯ ಮೇಲಿಂದ ಹೊಸಮನಿಯ ತಲೆ, ಹೆಗಲು ಕಾಣುತ್ತಿದ್ದವು. ಮಾತು ಕೇಳುತ್ತಿರಲಿಲ್ಲ. ನೋಡನೋಡುತ್ತಲೇ ಹೊಸಮನಿ ಎದೆಯ ಬಿಲ್ಲೆ ಕಿತ್ತು ಜೇಬಿಗೆ ಹಾಕಿದ. ಟೈಯನ್ನು ಬೆನ್ನ ಹಿಂದಕ್ಕೆ ಎಸೆದ. ಬಗ್ಗಿದ. ಅವನ ಕೈಯಲ್ಲಿ ಏನೋ ಒಮ್ಮೆ ಫಳಕ್ಕೆಂದಿತು.

ಕಾಲು ಗಂಟೆಯ ಮೇಲೆ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಬಂದ. ಬಿಲ್ಲೆ ಎದೆಗೆ ಮರಳಿತ್ತು.

ಶನಿವಾರವೂ ಹೀಗೇ ಆಯಿತು. ಹೊಸಮನಿ ಕರೆದ, ತಂಗರಾಜ್ ಹೋಗಲಿಲ್ಲ. ಸಂಜೆ ಬಾಡಿಗೆ ಮನೆಯ ಒಡತಿ ಜುಡಿತ್ ಬಾಯಿ, ನಿಮ್ಮವನು ಇವತ್ತೂ ಅಲ್ಲಿಗೆ ಹೋಗಿದ್ದನಾ ಎಂದು ಕೇಳಿ ನಕ್ಕಳು. ಆ ನಗುವಿನಲ್ಲಿ ತಂಗರಾಜ್‌ಗೆ ಏನೆಲ್ಲ ಕಾಣಿಸಿತೋ. ಗುರು ಗುಟ್ಟಾಗಿ ಕುಡಿಯುತ್ತಾನೆ. ಇಲ್ಲ, ಕಳ್ಳ ಸಾಮಾನಿನ ವ್ಯವಹಾರ. ಏನಿಲ್ಲವೆಂದರೂ, ತನ್ನ ಧರ್ಮದ ಹೆಸರು ಹೊತ್ತಿರುವುದಕ್ಕೇ ನಾಚುತ್ತಾನೆ. ಇಲ್ಲದಿದ್ದರೆ ಬಿಲ್ಲೆ ಯಾಕೆ ಕೀಳುತ್ತಾನೆ?

ಸೋಮವಾರ ಪತ್ರದ ದಿನ. ವಾರ ಹೇಗಿತ್ತೆಂದು ಪ್ರತಿಯೊಬ್ಬನೂ ಮಿಷನ್ನಿನ ಅಧ್ಯಕ್ಷರಿಗೆ ಬರೆಯಬೇಕು. ಒಬ್ಬರದನ್ನು ಇನ್ನೊಬ್ಬರು ಓದುವಂತಿಲ್ಲ. ತಂಗರಾಜ್ ಮೊಬೈಲಿನಲ್ಲಿ ನಾಲ್ಕೇ ಸಾಲು ಬರೆದ. ಬಿಲ್ಲೆ, ಮನೆ, ಎರಡು ದಿನ, ಎರಡು ಸಲ. ಅದು ಹೋದರೆ ಹೊಸಮನಿಯ ಎರಡು ವರ್ಷ ನೀರಿಗೆ ಬಿದ್ದಂತೆ. ಅವನ ತಾಯಿ ಆಗಲೇ ಮಗ ಬರುವ ತಾರೀಕನ್ನು ಓಣಿಗೆಲ್ಲ ಹೇಳಿಕೊಂಡಿದ್ದಳು. ಅದು ತಂಗರಾಜ್‌ಗೂ ಗೊತ್ತಿತ್ತು. ಬೆರಳು ಕಳಿಸುವ ಗುಂಡಿಯ ಮೇಲೆ ನಿಂತಿತ್ತು.

ಹೊಸಮನಿ ಬಕೆಟ್ಟಿನಲ್ಲಿ ಅಂಗಿ ಹಿಂಡುತ್ತಿದ್ದ.

“ಈ ವಾರ ಎಷ್ಟು ಬಾಗಿಲು ಬಡಿದಿ?”

“ಇನ್ನೂರ ಹನ್ನೊಂದು.”

“ಯಾವುದರೆ ಬಿಟ್ಟಿಯೇನು?”

ತಂಗರಾಜ್ ಮೊಬೈಲನ್ನು ಬೋರಲು ಹಾಕಿದ.

“ಪತ್ರದಾಗ ಏನು ಬರದಿ ಅಂತ ನಾ ಕೇಳಬಾರದು. ಕೇಳೂದೂ ಇಲ್ಲ. ಕಳಿಸೂದು ಒಂದು ತಾಸು ತಡಿ, ಅಷ್ಟ.”

ಇಬ್ಬರೂ ಹೊಳೆಯ ಓಣಿಗೆ ಬಂದರು. ಈ ಸಲ ಕಟ್ಟೆಯ ಮೇಲೆ ಕೂತವನು ಹೊಸಮನಿ.

“ಹೋಗಿ ಬಡಿ.”

“ನಾನೊಬ್ನೇನಾ? ನಿಯಮ...”

“ನಿನ್ನ ಹೊರಗ ಬಿಟ್ಟು ನಾ ಅರ್ಧ ನಿಯಮ ಮುರದೀನಿ. ಉಳಿದರ್ಧ ಮುರಿಯೂದು ನಿನ್ನ ಕೈಯಾಗೈತಿ.”

ತನ್ನನ್ನೂ ಸಿಕ್ಕಿಸುವ ಹಂಚಿಕೆ ಇದು ಎಂದು ತಂಗರಾಜ್‌ಗೆ ಖಾತ್ರಿಯಾಯಿತು. ಆದರೂ ಹೋದ. ಕಳ್ಳತನ ಕಣ್ಣಾರೆ ಕಂಡರೆ ಪತ್ರಕ್ಕೆ ಇನ್ನೊಂದು ಸಾಲು ಸಿಗುತ್ತದಲ್ಲ.

ಬಡಿದ. ಬಾಗಿಲು ತೆರೆದವನು ಒಬ್ಬ ಮುದುಕ. ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಹಣ್ಣಾದ ಐತಪ್ಪ. ಇವನನ್ನು ಕಂಡದ್ದೇ ಬೇಡ ಬೇಡ ಎಂಬಂತೆ ತಲೆ ಆಡಿಸಿದ. ತಂಗರಾಜ್‌ಗೆ ಅದು ವಾರದಿಂದ ಅಭ್ಯಾಸವಾದ ಉತ್ತರ. ತಿರುಗಿ ಹೊರಟ.

“ಎಲ್ಲಿಗೆ ಹೋಗುವುದು ಮಾರಾಯ? ಅದು ನನ್ನ ತಲೆಯ ರೋಗ, ನಿಲ್ಲುವುದಿಲ್ಲ. ಒಳಗೆ ಬಾ.”

ಜಗಲಿಯ ಮೇಲೆ ಬಟ್ಟಲಲ್ಲಿ ಬಿಸಿನೀರು, ಸೋಪು, ಮಡಚುವ ಹಳೆಯ ಕ್ಷೌರದ ಕತ್ತಿ. ಹೀಗೆ ಆಡುವ ತಲೆಯನ್ನು ಮುಟ್ಟಲು ಪೇಟೆಯ ಕ್ಷೌರದವರು ಹೆದರುತ್ತಾರೆ ಎಂದ ಐತಪ್ಪ. ಅದಕ್ಕೊಂದೇ ಉಪಾಯವಂತೆ. ಹಿಂದೆ ನಿಂತು, ತಲೆಯನ್ನು ಎದೆಗೆ ಒತ್ತಿ ಹಿಡಿದು, ಗಡ್ಡ ಹೆರೆಯಬೇಕು.

“ಆ ಬಿಲ್ಲೆ ತೆಗೆ. ತಲೆಗೆ ಚುಚ್ಚುತ್ತದೆ.”

ತಂಗರಾಜ್ ತಡಮಾಡಿದ. ಒಮ್ಮೆ ತಟ್ಟಿಯ ಮೇಲಿಂದ ಹೊರಗೆ ನೋಡಿದ. ಹೊಸಮನಿ ಕಟ್ಟೆಯ ಮೇಲೆ ಇದ್ದಲ್ಲೇ ಇದ್ದ. ತಂಗರಾಜ್ ಬಿಲ್ಲೆ ಕಿತ್ತು ಜೇಬಿಗೆ ಹಾಕಿದ. ಟೈ ಅಡ್ಡ ಬಂತು. ಅದನ್ನು ಬೆನ್ನ ಹಿಂದಕ್ಕೆ ಎಸೆದ.

ಎದೆಗೆ ಒತ್ತಿದ ಆ ಬೋಳುತಲೆ ಹಕ್ಕಿಮರಿಯಂತೆ ನಡುಗುತ್ತಿತ್ತು. ತಂಗರಾಜ್ ಕತ್ತಿಯನ್ನು ಹತ್ತಿರ ತಂದು ಹಿಂದೆಗೆದ.

“ನಾನ್ಯಾರು ಅಂತ ನಿಮಗೆ ಗೊತ್ತಾ ಅಜ್ಜ?”

“ಇಲ್ಲ.”

“ಮತ್ತೆ ಹೆದರಿಕೆ ಇಲ್ವಾ?”

“ಹೆದರಿಕೆ ಉಂಟು,” ಎಂದ ಐತಪ್ಪ. “ಗಡ್ಡವೂ ಉಂಟು.”

ಕತ್ತಿ ಕೆನ್ನೆಗೆ ಬಂತು. ಅದು ಕುತ್ತಿಗೆಯ ಮೇಲಿರುವಾಗ ನಿಮ್ಮ ದೇವರ ಸುದ್ದಿಯೊಂದು ಬೇಡ ಎಂದು ಷರತ್ತು ಹಾಕಿ, ಮುದುಕ ತಾನೇ ಮಾತಾಡಿದ. ಮೊದಲು ರಾಜಮಂಡ್ರಿಯ ಒಬ್ಬ ಹುಡುಗ ಬರುತ್ತಿದ್ದನಂತೆ. ಚೆನ್ನಾಗಿ ಹೆರೆಯುತ್ತಿದ್ದ. ಜೊತೆಗಾರನಿಗೆ ಅವನ ಮೇಲೆ ಏನೋ ಗುಮಾನಿ ಬಂತು, ಒಂದು ಪತ್ರ ಬರೆದ, ಆ ಹುಡುಗ ವಾರದೊಳಗೆ ಊರಿಗೆ ಹೋದ. ಮೂರು ವಾರದ ಮೇಲೆ ಆ ಜೊತೆಗಾರನೇ ಬಂದು ಬಾಗಿಲು ಬಡಿದ. ಅವನು ಇಲ್ಲಿ ಏನು ಮಾಡುತ್ತಿದ್ದ ಎಂದು ಕೇಳಿದ. ಗಡ್ಡ ಹೆರೆಯುತ್ತಿದ್ದನೆಂದು ತಿಳಿದ ಮೇಲೆ ಜಗಲಿಯಿಂದ ತುಂಬಾ ಹೊತ್ತು ಏಳಲಿಲ್ಲ.

“ಆಮೇಲೆ?”

“ಆಮೇಲೆ ಏನು, ಕತ್ತಿ ಹಿಡಿದ. ಮೊದಲ ದಿನ ಎರಡು ಕಡೆ ಗಾಯ ಮಾಡಿದ. ನಡುವೆ ಒಂದು ವರ್ಷ ಅವನನ್ನು ಬೇರೆ ಊರಿಗೆ ಹಾಕಿದರು, ನಾನು ಋಷಿಯ ಹಾಗೆ ಕೂತಿದ್ದೆ. ಈಗ ಪುನಃ ಬಂದಿದ್ದಾನೆ.”

“ಎಲ್ಲಿದ್ದಾನೆ?”

ಐತಪ್ಪ ತಟ್ಟಿಯ ಆಚೆಗೆ, ಕಟ್ಟೆಯ ಕಡೆಗೆ, ಕೈ ತೋರಿಸಿದ.

ತಂಗರಾಜ್ ಉಳಿದ ಗಡ್ಡವನ್ನು ಹೆರೆದ. ಒಂದೇ ಕಡೆ ಗಾಯವಾಯಿತು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು, ಆ ನಾಲ್ಕು ಸಾಲು ಅಳಿಸಿ ಬೇರೆ ಬರೆದ. ಎಲ್ಡರ್ ಹೊಸಮನಿ ಬಿಲ್ಲೆ ತೆಗೆದು ಒಬ್ಬ ಅಜ್ಜನಿಗೆ ಕ್ಷೌರ ಮಾಡಿದರು. ನನ್ನನ್ನೂ ಒಳಗೆ ಕರೆದಿದ್ದರು, ನಾನೇ ಗುಮಾನಿಯಿಂದ ಹೋಗಲಿಲ್ಲ. ಇವತ್ತು ನಾನೂ ಬಿಲ್ಲೆ ತೆಗೆದೆ, ಒಬ್ಬನೇ ಹೋದೆ. ಅವರಿಗೆ ಏನು ಶಿಕ್ಷೆಯೋ ಅದು ನನಗೂ ಆಗಲಿ.

ಕಳಿಸಿದ. ತೋರಿಸಲು ಹೋದರೆ ಹೊಸಮನಿ ಮುಖ ತಿರುಗಿಸಿದ. ಓದುವಂತಿಲ್ಲ.

ಉತ್ತರ ಸಂಜೆಗೆ ಬಂತು. ಅಲ್ಲಿಯವರೆಗೆ ಇಬ್ಬರಿಗೂ ಊಟ ಸೇರಿರಲಿಲ್ಲ. ಅಧ್ಯಕ್ಷರು ಬರೆದದ್ದು ಒಂದೇ ಸಾಲು: ಇನ್ನು ಮೇಲೆ ಇಬ್ಬರೂ ಒಟ್ಟಿಗೆ ಒಳಗೆ ಹೋಗಿ.

ತಂಗರಾಜ್ ಮೊಬೈಲನ್ನು ಜೇಬಿಗೆ ಹಾಕಿದ.

“ಬುಧವಾರವೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಎಲ್ಡರ್?”

“ಹೇಳಿದ್ರ ನಂಬತಿದ್ಯೇನು?”

ತಂಗರಾಜ್ ಪ್ರಾಮಾಣಿಕವಾಗಿ ಯೋಚಿಸಿದ.

“ಇಲ್ಲ.”

“ಇನ್ನ ನಾಕು ವಾರಕ್ಕ ನಾ ಹೊಂಟೆ. ಆಮ್ಯಾಲ ನಿನ್ನ ಕೈಗೊಬ್ಬ ಹೊಸಬ ಬರ್ತಾನ. ಅವನೂ ನಂಬೂದಿಲ್ಲ,” ಎಂದ ಹೊಸಮನಿ. “ಮೊದಲು ಅವನ ಕೈಗೆ ಕತ್ತಿ ಕೊಡು. ಕತಿ ಆಮ್ಯಾಲ ಹೇಳು.”