ಸಮುದ್ರವಿಲ್ಲದ ನಾಡಿನ ಸಂವಿಧಾನ

"ಗುರುಗಳೇ, ಹತ್ತಾರು ಜನ ಕೂಡಿ ಮಾಡಿದ ಅನ್ಯಾಯದಲ್ಲಿ ಒಬ್ಬೊಬ್ಬನ ಪಾಲು ಎಷ್ಟು?" ಎಂದು ಶಿಷ್ಯ ಕೇಳಿದ.

"ಯಾವ ಸಭೆಯಿಂದ ಬಂದೆ?" ಎಂದರು ಗುರುಗಳು.

"ಯಾವುದೂ ಇಲ್ಲ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವರು ಈ ಬಿಸಿಲಲ್ಲಿ ಗುಡ್ಡ ಹತ್ತಿ ಬರುವುದಿಲ್ಲ. ಇರಲಿ, ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಅಮೆರಿಕದ ಪಡುವಣ ಬಯಲುಗಳಿಗೆ ಜನ ಗಾಡಿ ಕಟ್ಟಿಕೊಂಡು ಹೋಗಿ ನೆಲೆಯೂರುತ್ತಿದ್ದ ಕಾಲ. ಅಲ್ಲಿ ಮೊದಲೇ ಬದುಕಿದ್ದವರನ್ನು ಓಡಿಸಿ ಆಗಿತ್ತು. ಆದ್ದರಿಂದ ಬಯಲು ಖಾಲಿಯಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಅಂಥ ಒಂದು ಸೀಮೆ ರಾಜ್ಯವಾಗಲು ಹೊರಟಿತು. ರಾಜ್ಯಕ್ಕೆ ಸಂವಿಧಾನ ಬೇಕು. ಅದನ್ನು ಬರೆಯಲು ಊರೂರಿನಿಂದ ಪ್ರತಿನಿಧಿಗಳನ್ನು ಆರಿಸಿದರು. ಹಾಗೆ ಆಯ್ಕೆಯಾದವರಲ್ಲಿ ಒಬ್ಬ ರೈತನಿದ್ದ. ಅವನಿಗೆ ಅಂಥ ಆಸೆಯೇನೂ ಇರಲಿಲ್ಲ. ಉಳಿದವರೆಲ್ಲ ಒಲ್ಲೆ ಎಂದಾಗ ಅವನು ಒಲ್ಲೆ ಎನ್ನುವುದು ತಡವಾಯಿತು, ಅಷ್ಟೆ.

ರೈತನ ನೆರೆಯಲ್ಲಿ ಒಬ್ಬ ಕಮ್ಮಾರನಿದ್ದ. ಕಪ್ಪು ಮೈಬಣ್ಣದವನು. ದಕ್ಷಿಣದ ಹತ್ತಿ ಹೊಲಗಳಲ್ಲಿ ಗುಲಾಮನಾಗಿ ಹುಟ್ಟಿ, ಹೇಗೋ ಬಿಡುಗಡೆ ಪಡೆದು ಅಷ್ಟು ದೂರ ಬಂದಿದ್ದ. ಹೊಳೆಯ ದಂಡೆಯಲ್ಲಿ ಒಂದಿಷ್ಟು ನೆಲ ಹಸನು ಮಾಡಿ ಕುಲುಮೆ ಹಾಕಿದ್ದ. ಹೆಂಡತಿಯನ್ನು ಅದೇ ನೆಲದಲ್ಲಿ ಮಣ್ಣು ಮಾಡಿದ್ದ. ಮಕ್ಕಳಿರಲಿಲ್ಲ. ರೈತ ಹೊಸದಾಗಿ ಬಂದ ಚಳಿಗಾಲದಲ್ಲಿ ಅವನ ಮನೆಮಂದಿಗೆ ಉಣ್ಣಲು ಕೊಟ್ಟವನು ಈ ಕಮ್ಮಾರನೇ.

ರೈತ ಸಭೆಗೆ ಹೊರಡುವ ಮುನ್ನ ಕಮ್ಮಾರ ಅವನ ಕುದುರೆಗೆ ಲಾಳ ಹೊಡೆದುಕೊಟ್ಟ. ಹೊಡೆಯುತ್ತ ಹೇಳಿದ: "ನೋಡಪ್ಪ, ಬೇರೆ ಕಡೆ ಸಂವಿಧಾನದಲ್ಲಿ ‘ಬಿಳಿಯ ನಿವಾಸಿಗಳು ಜಮೀನು ಹೊಂದಬಹುದು’ ಅಂತ ಬರೆದಿದ್ದಾರಂತೆ. ಇಲ್ಲಿಯೂ ಹಾಗೇ ಬರೆದರೆ ಈ ನೆಲ ನನ್ನದಲ್ಲ. ಆ ಒಂದು ಪದ ತೆಗೆಸು."

"ಒಂದು ಪದ ತಾನೆ? ತೆಗೆಸುತ್ತೇನೆ ಬಿಡು. ಈ ಲಾಳಕ್ಕೆ ಏನು ಕೊಡಲಿ ಹೇಳು."

"ಆ ಪದ ತೆಗೆಸಿಕೊಡು, ಅದೇ ಸಾಕು" ಎಂದ ಕಮ್ಮಾರ.

ಸಭೆ ಒಂದು ಚರ್ಚಿನಲ್ಲಿ ಸೇರಿತು. ಸಂವಿಧಾನ ಹೇಗಿರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬ ವಕೀಲ ಮೂಡಣ ಕರಾವಳಿಯ ಯಾವುದೋ ಹಳೆಯ ರಾಜ್ಯದ ಸಂವಿಧಾನವನ್ನು ಜೊತೆಗೆ ತಂದಿದ್ದ. ಅದರಿಂದ ಎಲ್ಲರಿಗೂ ನಿರಾಳವಾಯಿತು. ಅಧ್ಯಕ್ಷ ಒಂದೊಂದೇ ವಿಧಿಯನ್ನು ಓದುವನು. ಹಳೆಯ ರಾಜ್ಯದ ಹೆಸರು ಬಂದಲ್ಲಿ ತಮ್ಮ ರಾಜ್ಯದ ಹೆಸರನ್ನು ಹೇಳುವನು. ಕೊನೆಗೆ "ಒಪ್ಪಿಗೆಯೇ?" ಎನ್ನುವನು. ಸಭೆ "ಒಪ್ಪಿಗೆ" ಎನ್ನುವುದು. ನಾಡು ಕಟ್ಟುವ ಕೆಲಸ ಹೀಗೆ ನಡೆಯಿತು.

ಮೊದಲ ದಿನವೇ ರೈತ ಎದ್ದು ನಿಂತ. "ಜಮೀನಿನ ವಿಧಿಯಲ್ಲಿ ಒಂದು ಪದ ಇದೆ" ಎಂದ.

"ಅದು ಕೊನೆಯಲ್ಲಿ ಬರುತ್ತದೆ. ಸರದಿ ಬಂದಾಗ ಹೇಳಿ" ಎಂದ ಅಧ್ಯಕ್ಷ.

ನ್ಯಾಯವಾದ ಮಾತು. ರೈತ ಕುಳಿತ.

ರಾಜಧಾನಿ ಎಲ್ಲಿರಬೇಕು ಎಂಬ ಜಗಳ ಶುರುವಾಯಿತು. ಯಾರಿಗೆ ಯಾವ ಊರಿನಲ್ಲಿ ನಿವೇಶನವಿತ್ತೋ ಅವರು ಅದೇ ಊರು ನಾಡಿನ ನಟ್ಟನಡುವೆ ಇದೆ ಎಂದು ನಕಾಶೆ ಹಿಡಿದು ತೋರಿಸಿದರು. ಅದು ಮುಗಿಯುವ ಹೊತ್ತಿಗೆ ರಾಜ್ಯದ ಮುದ್ರೆಯ ಮಾತು ಬಂತು. ಮುದ್ರೆಯಲ್ಲಿ ಎತ್ತು ಇರಲಿ ಎಂಬುದಕ್ಕೆ ತಕರಾರಿರಲಿಲ್ಲ. ಅದು ಬಲಕ್ಕೆ ಮುಖ ಮಾಡಿದರೆ ಮೂಡಣಕ್ಕೆ ವಾಪಸು ಹೊರಟಂತೆ ಕಾಣುತ್ತದೆ, ಸೋತು ಮರಳಿದವರು ಎಂದು ಜನ ನಗುತ್ತಾರೆ ಎಂದು ಕೆಲವರು ಹಟ ಹಿಡಿದರು. ಎತ್ತು ತಿರುಗಲು ಬಹಳ ಕಾಲ ಹಿಡಿಯಿತು.

ಆಮೇಲೆ ದೀಪಸ್ತಂಭಗಳ ವಿಧಿ ಬಂತು. ಕಡಲ ದಂಡೆಯ ದೀಪಸ್ತಂಭಗಳನ್ನು ಕಾಯುವುದು ರಾಜ್ಯದ ಹೊಣೆ ಎಂದು ಹಳೆಯ ಸಂವಿಧಾನದಲ್ಲಿತ್ತು. ಅಲ್ಲಿಂದ ಸಮುದ್ರ ತಿಂಗಳುಗಟ್ಟಲೆ ಹಾದಿ.

"ಇದನ್ನು ತೆಗೆಯಿರಿ ಸ್ವಾಮಿ. ನಮ್ಮಲ್ಲಿ ಸಮುದ್ರ ಎಲ್ಲಿದೆ?" ಎಂದ ವಕೀಲ.

"ಇವತ್ತಿಲ್ಲ, ಸರಿ. ಮೊನ್ನೆಮೊನ್ನೆಯವರೆಗೆ ರೈಲೂ ಇರಲಿಲ್ಲ" ಎಂದ ಒಬ್ಬ ವ್ಯಾಪಾರಿ.

"ಸಮುದ್ರವನ್ನೂ ಗುತ್ತಿಗೆ ಹಿಡಿಯುವ ಯೋಚನೆಯೇ ತಮ್ಮದು?"

"ದೊಡ್ಡ ದೊಡ್ಡ ರಾಜ್ಯಗಳಿಗೆಲ್ಲ ದೀಪಸ್ತಂಭ ಇದೆ. ನಾವೇನು ಅವರಿಗಿಂತ ಕಡಿಮೆಯೇ?"

ಇಡೀ ದಿನ ವಾದ ನಡೆಯಿತು. ಕೈ ಎತ್ತಿಸಿ ಎಣಿಸಿದರು. ಸಮುದ್ರ ಅಲ್ಪ ಮತಗಳಿಂದ ಸೋತಿತು. ಸಭೆ ಚಪ್ಪಾಳೆ ತಟ್ಟಿತು. ಇಲ್ಲದ ವಸ್ತುವನ್ನು ತೆಗೆದುಹಾಕುವಷ್ಟು ಸೂಕ್ಷ್ಮವಾಗಿ ಅವರು ಓದಬಲ್ಲವರಾಗಿದ್ದರು ಎಂಬುದನ್ನು ನೆನಪಿಟ್ಟುಕೋ.

ಅಷ್ಟರಲ್ಲಿ ಗೋಧಿ ಮಾಗುತ್ತಿದೆ ಎಂಬ ಸುದ್ದಿ ಬಂತು. ಅಲ್ಲಿಂದ ಮುಂದೆ ಯಾರ ಮನಸ್ಸೂ ಚರ್ಚಿನೊಳಗೆ ನಿಲ್ಲಲಿಲ್ಲ. ಅಧ್ಯಕ್ಷ ಉಸಿರು ತೆಗೆದುಕೊಳ್ಳದೆ ಓದತೊಡಗಿದ. ಓದು ಮುಗಿಯುವ ಮೊದಲೇ "ಒಪ್ಪಿಗೆ" ಬರತೊಡಗಿತು. ಉಳುವಾಗ ಸಾಲಿನ ಕೊನೆಯಲ್ಲಿ ಎತ್ತುಗಳು ಹೇಳಿಸಿಕೊಳ್ಳದೆ ತಿರುಗುತ್ತವಲ್ಲ, ಹಾಗೆ. ರೈತನ ಬಾಯಿಯೂ ಅದನ್ನು ಕಲಿಯಿತು.

ಕೊನೆಯ ದಿನ ಮಧ್ಯಾಹ್ನ ಹೊರಗೆ ಗಾಡಿಗಳು ಸಿದ್ಧವಾಗಿ ನಿಂತಿದ್ದವು. ಕಿಟಕಿಯಾಚೆ ಮೋಡ ಕಟ್ಟುತ್ತಿತ್ತು. ನಿಂತ ಪೈರಿನ ಮೇಲೆ ಮಳೆ ಬಿದ್ದರೆ ವರ್ಷದ ಅನ್ನ ಮಣ್ಣುಪಾಲು ಎಂದು ರೈತ ಯೋಚಿಸುತ್ತಿದ್ದ. ಅಧ್ಯಕ್ಷ ಒಂದು ವಿಧಿ ಓದಿದ. "ಒಪ್ಪಿಗೆ" ಎಂದಿತು ಸಭೆ. ಆ ಗದ್ದಲದಲ್ಲಿ ತನ್ನ ದನಿಯೂ ರೈತನಿಗೆ ಕೇಳಿಸಿತು. ಓದಿದ್ದು ಜಮೀನಿನ ವಿಧಿ ಎಂದು ಆಗ ಹೊಳೆಯಿತು.

ಅವನು ಎದ್ದ. "ತಾಳಿ, ಹಿಂದಿನ ವಿಧಿಯಲ್ಲಿ ಒಂದು ಪದ ತೆಗೆಯಬೇಕು."

"ಅದಕ್ಕೆ ತಾವೂ ಒಪ್ಪಿಗೆ ಎಂದಿರಲ್ಲ?" ಎಂದ ಅಧ್ಯಕ್ಷ.

"ಬಾಯಿತಪ್ಪಿ ಬಂತು."

"ಬಾಯಿ ತಪ್ಪಿದ್ದು ಇವರದು, ಗೋಧಿ ಉದುರುವುದು ನಮ್ಮದು!" ಎಂದ ವ್ಯಾಪಾರಿ. ಕೆಲವರು ನಕ್ಕರು.

ವಕೀಲ ಸಮಾಧಾನವಾಗಿ ಹೇಳಿದ: "ಒಪ್ಪಿದ ವಿಧಿಯನ್ನು ಮತ್ತೆ ಎತ್ತಿಕೊಳ್ಳಬೇಕಾದರೆ ನಾಳೆ ಸಭೆ ಸೇರಬೇಕು. ನಿಯಮ ಹಾಗಿದೆ. ಸೇರೋಣವೇ? ಇಲ್ಲವೇ ಮುಂದೆ ತಿದ್ದುಪಡಿ ತಂದರೂ ಆದೀತು."

ಎಲ್ಲರೂ ರೈತನ ಕಡೆ ತಿರುಗಿದರು. ಯಾರ ಮುಖದಲ್ಲೂ ದ್ವೇಷವಿರಲಿಲ್ಲ. ಇದ್ದಿದ್ದರೆ ಅವನು ನಿಂತೇ ಇರುತ್ತಿದ್ದನೋ ಏನೋ. ಇದ್ದದ್ದು ಮನೆಗೆ ಹೋಗಬೇಕೆಂಬ ದಣಿವು. ಅದು ಅವನಲ್ಲೂ ಇತ್ತು. ಅವನು ಮತ್ತೊಮ್ಮೆ ಕಿಟಕಿಯ ಕಡೆ ನೋಡಿದ.

"ತಿದ್ದುಪಡಿ ತರೋಣ" ಎಂದು ಕುಳಿತ.

ಎಲ್ಲರೂ ಸಹಿ ಹಾಕಿದರು. ರೈತನೂ ಹಾಕಿದ.

ಊರಿಗೆ ಮರಳಿದಾಗ ಕಮ್ಮಾರ ದಾರಿಯಲ್ಲೇ ಕಾದು ನಿಂತಿದ್ದ.

"ನನ್ನ ಮಾತು ಬಂತೇ?"

"ಬಂತು."

"ಏನಾಯಿತು?"

ರೈತ ಕುದುರೆಯಿಂದ ಇಳಿದು, ಜೀನು ಬಿಚ್ಚಿ, ಅದನ್ನು ಬೇಲಿಯ ಮೇಲೆ ಹಾಕಿದ. "ಎಲ್ಲರೂ ಒಪ್ಪಿಬಿಟ್ಟರು" ಎಂದ.

ಪದ ಹೋಯಿತೆಂದುಕೊಂಡು ಕಮ್ಮಾರ ಮೊದಲು ನಕ್ಕ. ಆಮೇಲೆ ರೈತನ ಮುಖ ನೋಡಿದ.

ಮಳೆ ಬರಲಿಲ್ಲ. ಗೋಧಿ ಮನೆ ಸೇರಿತು. ಚಳಿ ಶುರುವಾಗುವ ಮೊದಲು ಹೊಳೆದಂಡೆಯ ನೆಲ ವ್ಯಾಪಾರಿಯ ಹೆಸರಿಗಾಯಿತು. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು. ಕಮ್ಮಾರ ಕುಲುಮೆ ಕಿತ್ತ. ಕಬ್ಬಿಣ ಬಡಿಯುವ ಅಡಿಗಲ್ಲನ್ನು ಗಾಡಿಗೆ ಏರಿಸುವಾಗ ರೈತ ಬಂದು ಕೈ ಹಾಕಿದ. ಕಮ್ಮಾರ ಬೇಡ ಎನ್ನಲಿಲ್ಲ. ಹೆಂಡತಿಯ ಗೋರಿಯ ಬಳಿ ಸ್ವಲ್ಪ ಹೊತ್ತು ನಿಂತು ಗಾಡಿ ಹೊಡೆದುಕೊಂಡು ಹೋದ.

ತಿದ್ದುಪಡಿಯನ್ನು ಯಾರೂ ತರಲಿಲ್ಲ. ಸಂವಿಧಾನ ಬಹಳ ಚೆನ್ನಾಗಿದೆ ಎಂದು ಪಕ್ಕದ ಸೀಮೆಯವರು ಅದನ್ನೇ ನೋಡಿ ತಮ್ಮದನ್ನು ಬರೆದುಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಸಭೆಯಲ್ಲಿ ಅಷ್ಟು ಜನರಿದ್ದರಲ್ಲ ಗುರುಗಳೇ. ಹಂಚಿದರೆ ರೈತನ ಪಾಲಿಗೆ ಬರುವುದು ಒಂದು ಚೂರೇ ಅಲ್ಲವೇ?"

ಗುರುಗಳು ಹೇಳಿದರು: "ತಪ್ಪನ್ನು ನೀವೆಲ್ಲ ಹಂಚಿಕೊಳ್ಳಿ. ಆದ ನಷ್ಟವನ್ನು ಹಂಚಿಕೊಳ್ಳಲು ಮಾತ್ರ ಕಮ್ಮಾರನಿಗೆ ಯಾರೂ ಇರಲಿಲ್ಲ."