ಸತ್ತ ರಾಜನೂ ತಂಬಿಗೆ ನೀರೂ

ಊರು ಯಾವುದು ಅಂತ ಮಾತ್ರ ಕೇಳಬೇಡಿ. ಹೇಳಿದರೆ ಬಾಳ್ಯಾ ಏನೂ ಅನ್ನೋದಿಲ್ಲ, ಅವರವ್ವ ನನ್ನನ್ನು ಬಿಡೋದಿಲ್ಲ.

ಆ ಊರಿನಲ್ಲಿ ನೀಲಗಂಗವ್ವ ಅಂತ ಒಬ್ಬಳು. ಅವಳ ಒಬ್ಬನೇ ಮಗ ಬಾಳಪ್ಪ, ಎಲ್ಲರ ಬಾಯಲ್ಲಿ ಬಾಳ್ಯಾ. ಮಗನಿಗೆ ಮೀಸೆ ಬಂತು, ಮೀಸೆಯಲ್ಲಿ ಬಿಳಿ ಕೂದಲೂ ಬಂತು, ಬರಬೇಕಾದ ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಮಾಳಿಗಿ ಮ್ಯಾಲೆ ಹಪ್ಪಳ ಒಣಹಾಕೀನಿ, ಕಾಗಿ ಬರ್ತಾವೇನು ನೋಡು" ಅಂದರೆ ಹೋಗಿ ಕೂತು ನೋಡುವವನು. ಸಂಜೆ ಇಳಿದು ಬಂದು, "ಬಂದಿದ್ದುವು ಯವ್ವಾ, ಭಾಳ ಬಂದಿದ್ದುವು. ಎಲ್ಲಾ ತಿಂದು ಹೋದುವು" ಅನ್ನುವವನು.

ನೀಲಗಂಗವ್ವ ತಲೆ ಬಡಿದುಕೊಳ್ಳುವಳು. "ಓಡಸಬೇಕಿತ್ತಲ್ಲೋ!"

"ಇಷ್ಟು ಮೊದಲ ಹೇಳಬಾರದಾ ಯವ್ವಾ?"

ಈ ನೀಲಗಂಗವ್ವ ಒಂದು ಕಾಲಕ್ಕೆ ಕಂಪನಿ ನಾಟಕದ ರಾಣಿ. 'ಸತಿ ಪುಷ್ಪಗಂಧಿ' ನಾಟಕದ ಕೊನೆಯಲ್ಲಿ ರಾಜ ಹಾವು ಕಚ್ಚಿ ಸಾಯುತ್ತಾನೆ, ಈಶ್ವರ ಬಂದು ಎಬ್ಬಿಸುವ ತನಕ ಅವನದು ಹೆಣದ ಪಾತ್ರ. ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಇವಳು ಹಾಡಿದರೆ, ಜನ ಒನ್ಸ್ ಮೋರ್ ಅಂತ ಕೂಗಿ ಕೂಗಿ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಸತ್ತ ರಾಜ ಅಲ್ಲೇ ನಿದ್ದೆ ಹೋಗಿ ಗೊರಕೆ ಹೊಡೆದದ್ದೂ ಉಂಟು. ಇದು ನಾನು ಕಣ್ಣಾರೆ ಕಂಡದ್ದು. ಆಗ ನಾನಿನ್ನೂ ಹುಟ್ಟಿರಲಿಲ್ಲ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಎಷ್ಟೋ ವರ್ಷ ನಿಂತುಹೋಗಿದ್ದ ಆ ನಾಟಕವನ್ನು ಮತ್ತೆ ಆಡಿಸಲು ಬೆಂಗಳೂರಿನಿಂದ ಚಿನ್ಮಯ ಅಂತ ಹೊಸ ನಿರ್ದೇಶಕ ಬಂದ. ರಾಣಿ ಹೊಸಬಳು, ಭಾರ್ಗವಿ. ರಾಜ ಹೊಸಬ, ಮಹಾಂತೇಶ. ಹಳಬ ಅಂದರೆ ಹಾರ್ಮೋನಿಯಂ ಪೇಟಿ ನುಡಿಸುವ ತಿಪ್ಪಣ್ಣ ಮಾಸ್ತರ ಒಬ್ಬ, ಅವನಿಗಿಂತ ಹಳೇದು ಅವನ ಪೇಟಿ.

ಚಿನ್ಮಯ ನೀಲಗಂಗವ್ವನ ಮನೆಗೇ ಬಂದು ಹೇಳಿದ. "ಅಮ್ಮ, ಆ ಕೊನೇ ಹಾಡು ತೆಗೀತಿದೀನಿ. ಹೆಣ ಇಟ್ಕೊಂಡು ಅಷ್ಟು ಹೊತ್ತು ಹಾಡಿದ್ರೆ ಈಗಿನ ಜನ ಮೊಬೈಲ್ ನೋಡ್ತಾ ಕೂರ್ತಾರೆ."

ನೀಲಗಂಗವ್ವನ ಮುಖ ಸಣ್ಣದಾಯಿತು. "ತೆಗಿಯುವಂತಿ ತಡಿಯಪ್ಪಾ. ಒಂದು ಆಟ ಹಾಡಿಸಿ ನೋಡು. ಮಂದಿ ಒಲ್ಲೆ ಅಂದ್ರ ನಾನೂ ಸುಮ್ಮನಾಗತೀನಿ."

"ಆಯ್ತು. ಮೊದಲನೇ ಆಟದಲ್ಲಿ ಜನ ಕೂತು ಕೇಳಿದ್ರೆ ಹಾಡು ಇರುತ್ತೆ. ಎದ್ದು ಹೋದ್ರೆ ಎರಡನೇ ಆಟಕ್ಕಿಲ್ಲ. ಸರೀನಾ?"

ಸರಿ ಅಂದಳು. ಅಂದವಳು ಭಾರ್ಗವಿಯನ್ನು ದಿನಾ ಕೂಡಿಸಿಕೊಂಡು, ಉಸಿರು ಎಲ್ಲಿ ತಗೋಬೇಕು, ಅಳು ಎಲ್ಲಿ ನುಂಗಬೇಕು, ಎಲ್ಲ ಕಲಿಸಿದಳು. ಹಾಗೇ ಸಾಮಾನು ಹೊರಲಿಕ್ಕೆ ಇರಲಿ ಅಂತ ಮಗನನ್ನೂ ಕಂಪನಿಗೆ ಹಚ್ಚಿದಳು. ಅದೊಂದು ಮಾಡಬಾರದಿತ್ತು.

ಮೊದಲ ದಿನ ಭಾರ್ಗವಿ ದೊಡ್ಡ ಟ್ರಂಕು ಹೊತ್ತು ಥೇಟರಿನ ಬಾಗಿಲಿಗೆ ಬಂದಳು. ಬಾಳ್ಯಾ ಮೆಟ್ಟಿಲ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ. ಕೂತೇ ಇದ್ದ. ಆಕೆ ಅವನನ್ನು ದಾಟಿಕೊಂಡು ಏಳುತ್ತ ಬೀಳುತ್ತ ಒಳಗೆ ಹೋದಳು.

ಸಂಜೆ ಅವ್ವ ರೊಟ್ಟಿ ಬಡಿಯುತ್ತ ಬೈದಳು. "ಹಂಗಲ್ಲೋ ಬಾಳ್ಯಾ. ಕಲಾವಿದರು ಬಂದ್ರ ಓಡಿ ಹೋಗಿ ಕಾಲಿಗೆ ಬೀಳಬೇಕು. ಕೈಯಾಗ ಏನು ಹಿಡಿದಿರ್ತಾರ ಅದನ್ನ ಇಸಕೋಬೇಕು."

"ಇಷ್ಟು ಮೊದಲ ಹೇಳಬಾರದಾ ಯವ್ವಾ?"

ಮರುದಿನ ತಾಲೀಮು. ರಾಜನಿಗೂ ರಾಕ್ಷಸನಿಗೂ ಯುದ್ಧ. ತಿಪ್ಪಣ್ಣ ಮಾಸ್ತರ ಪೇಟಿ ಒತ್ತಿದ, ಮಹಾಂತೇಶ ಕತ್ತಿ ಹಿರಿದು ರಂಗಕ್ಕೆ ಹಾರಿ ಬಂದ. ಬಾಳ್ಯಾನೂ ಹಾರಿ ಬಂದ. ಬಂದವನು ರಾಜನ ಕಾಲಿಗೆ ಅಡ್ಡಬಿದ್ದ, ಎದ್ದ, ಕತ್ತಿ ಇಸಕೊಂಡ. ರಾಕ್ಷಸನ ಕಾಲಿಗೂ ಬಿದ್ದ, ಗದೆ ಇಸಕೊಂಡ. ಎರಡನ್ನೂ ಬಗಲಲ್ಲಿ ಇಟ್ಟುಕೊಂಡು, "ಒಳಗ ಇಡತೀನಿ, ಆರಾಮ ಕುಂದರ್ರಿ" ಅಂತ ಹೊರಟೇಬಿಟ್ಟ. ರಾಜ, ರಾಕ್ಷಸ ಇಬ್ಬರೂ ಬರಿಗೈಲಿ ಒಬ್ಬರ ಮುಖ ಒಬ್ಬರು ನೋಡಿದರು.

"ಯಾರ್ರೀ ಇವನು?" ಅಂದ ಚಿನ್ಮಯ.

ಸಂಜೆ ಅವ್ವ ಬೈದಳು. "ಹಂಗಲ್ಲೋ ಬಾಳ್ಯಾ. ಸ್ಟೇಜಿನ ಮ್ಯಾಲೆ ನಡಿಯೋದೆಲ್ಲಾ ಸುಳ್ಳು. ಜಗಳಾನೂ ಸುಳ್ಳು, ಅಳೋದೂ ಸುಳ್ಳು. ಅಲ್ಲಿ ಏನ ನಡೀಲಿ, ನೀ ಬಾಜೂಕಿನ ವಿಂಗಿನ್ಯಾಗ, ಪರದೆ ಮರಿಗೆ, ಕೈಕಟಗೊಂಡು ನಿಂತು ನೋಡಬೇಕು. ಅಷ್ಟ."

"ಇಷ್ಟು ಮೊದಲ ಹೇಳಬಾರದಾ ಯವ್ವಾ?"

ಮರುದಿನ ಅರಮನೆ ಪರದೆಯ ಹಗ್ಗ ಹರಿಯಿತು. ಕಂಬ, ಕಮಾನು, ನವಿಲು ಸಮೇತ ಇಡೀ ಅರಮನೆ ತಿಪ್ಪಣ್ಣ ಮಾಸ್ತರನ ಮೇಲೆ ಬಿತ್ತು. ಪೇಟಿ ಒಂದು ಸಲ ಕುಂಯ್ ಅಂತು. ಮಾಸ್ತರ ಅರಮನೆಯ ಕೆಳಗಿನಿಂದ, "ಸತ್ನೆಪೋ, ತಗೀರಿ ಯಾರರ" ಅಂತ ಒರಲಿದ. ಉಳಿದವರೆಲ್ಲ ಚಹಾಕ್ಕೆ ಹೋಗಿದ್ದರು. ಬಾಳ್ಯಾ ಒಬ್ಬನೇ ಇದ್ದ. ಕೈಕಟ್ಟಿ ನಿಂತು ನೋಡಿದ. ಚಹಾ ಕುಡಿದು ಬಂದವರು ಪರದೆ ಎತ್ತಿದಾಗ ಮಾಸ್ತರನ ಮುಖ ಬದನೇಕಾಯಿ ಬಣ್ಣಕ್ಕೆ ತಿರುಗಿತ್ತು.

"ಭಾಳ ಚಲೋ ಮಾಡಿದ್ರಿ ಮಾಸ್ತರ. ಖರೇನ ಸಾಯಾಕತ್ತೀರಿ ಅನ್ನಸ್ತು ನೋಡ್ರಿ" ಅಂದ ಬಾಳ್ಯಾ.

ಸಂಜೆ ಅವ್ವನಿಗೆ ರೊಟ್ಟಿ ಬಡಿಯಲಿಕ್ಕೂ ಕೈ ಬರಲಿಲ್ಲ. "ಹಂಗಲ್ಲೋ ನನ್ನಪ್ಪಾ. ಮನಷಾ ಬಿದ್ದಾಗ ನಿಂತು ನೋಡತಾರೇನು? ಯಾರರ ಬಿದ್ರ ಓಡಿ ಹೋಗಬೇಕು, ಮುಖಕ್ಕ ನೀರು ಹೊಡೀಬೇಕು, ಹಿಡಿದು ಎಬ್ಬಿಸಿ ಒಂದು ಗುಟುಕು ಕುಡಸಬೇಕು."

"ಇಷ್ಟು ಮೊದಲ ಹೇಳಬಾರದಾ ಯವ್ವಾ?" ಅಂದ. ಆವತ್ತಿನಿಂದ ವಿಂಗಿನಲ್ಲಿ ಒಂದು ತಂಬಿಗೆ ತುಂಬಿಸಿಟ್ಟುಕೊಂಡ. ಯಾರು ಯಾವಾಗ ಬೀಳುತ್ತಾರೋ ಯಾರಿಗೆ ಗೊತ್ತು.

ನಿಮಗೆ ಗೊತ್ತಾಗಿರಬೇಕು. ಪಾಪ, ಅವನಿಗೆ ಗೊತ್ತಿರಲಿಲ್ಲ.

ಮೊದಲ ಆಟದ ದಿನ ತಗಡಿನ ಥೇಟರು ತುಂಬಿತು. ನೀಲಗಂಗವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಆಟ ಚೆನ್ನಾಗಿಯೇ ಸಾಗಿತು. ಕೊನೆಯ ದೃಶ್ಯ ಬಂತು. ಹಾವು ಕಚ್ಚಿತು, ರಾಜ ಎದೆ ಹಿಡಿದುಕೊಂಡು ದೊಪ್ಪಂತ ಬಿದ್ದ. ತಿಪ್ಪಣ್ಣ ಮಾಸ್ತರ ಆ ಹಾಡಿನ ಸ್ವರ ಹಿಡಿದ. ನೀಲಗಂಗವ್ವ ಸೆರಗಿನ ತುದಿ ಬಿಗಿಯಾಗಿ ಹಿಡಿದಳು.

ಆ ಕಡೆಯಿಂದ ಭಾರ್ಗವಿ "ಸ್ವಾಮೀ" ಅಂತ ಓಡಿ ಬಂದಳು. ಈ ಕಡೆಯಿಂದ ಬಾಳ್ಯಾ ತಂಬಿಗೆ ಹಿಡಿದು ಓಡಿ ಬಂದ. ಬಾಳ್ಯಾನೇ ಮೊದಲು ಮುಟ್ಟಿದ.

ಚಳ್ ಅಂತ ನೀರು ಹೊಡೆದ. ರಾಜನ ಬಣ್ಣ ಇಳಿಯಿತು, ಮೀಸೆ ಗಲ್ಲಕ್ಕೆ ಜಾರಿತು. ಬಾಳ್ಯಾ ಅವನ ಬಗಲಿಗೆ ಕೈಹಾಕಿ ಎತ್ತಿ ಕೂಡಿಸಿದ.

"ಬಿಡೋ," ಅಂದ ಮಹಾಂತೇಶ ಹಲ್ಲು ಕಚ್ಚಿಕೊಂಡು, "ನಾ ಸತ್ತೀನಿ."

"ಸತ್ತವರು ಹಿಂಗ ಮಾತಾಡತಾರೇನ್ರೀ? ಒಂದು ಗುಟುಕು ಕುಡೀರಿ."

ಥೇಟರು ನಕ್ಕು ನಕ್ಕು ತಗಡು ಹಾರುವ ಹಾಗಾಯಿತು. ಎದ್ದು ಕೂತ ರಾಜನ ಮುಂದೆ ಯಾವ ರಾಣಿ ಅಳಬೇಕು? ಹಾಡು ಹೋಯಿತು. ವಿಂಗಿನಲ್ಲಿ ಚಿನ್ಮಯ ತಲೆಮೇಲೆ ಕೈಹೊತ್ತು ಕೂತ. ಆಗ ಮುಂದಿನ ಸಾಲಿನಲ್ಲಿ ನೀಲಗಂಗವ್ವ ಎದ್ದು ನಿಂತಳು. ಕಂಪನಿ ಕಾಲದ ಗಂಟಲು, ಮೈಕು ಬೇಕಾಗಲಿಲ್ಲ.

"ಬಾಳ್ಯಾ, ಮಲಗಸೋ!"

ಅವ್ವ ಹೇಳಿದ ಮೇಲೆ ಮುಗಿಯಿತು. ಬಾಳ್ಯಾ ರಾಜನನ್ನು ಮೆತ್ತಗೆ ಮಲಗಿಸಿ, ಕೈಕಾಲು ನೆಟ್ಟಗೆ ಮಾಡಿ, ತಂಬಿಗೆ ತಗೊಂಡು ಹೋದ. ಭಾರ್ಗವಿ ಒದ್ದೆ ತಲೆಯನ್ನು ತೊಡೆಗೆ ತಗೊಂಡಳು. ಜನ ಇನ್ನೂ ನಗುತ್ತಿರುವಾಗಲೇ ಶುರು ಮಾಡಿದಳು.

"ಎದ್ದು ನೋಡೋ ದೊರೆಯೇ, ಹೊತ್ತು ಮೂಡಿತಲ್ಲ..."

ನಗೆ ಒಂದೊಂದೇ ಸಾಲಿನಿಂದ ಇಳಿಯಿತು. ಬೀಡಿ ಸೇದಲು ಎದ್ದವನು ಹಾಗೇ ಕೂತ. ಒಬ್ಬನ ಕಿಸೆಯಲ್ಲಿ ಮೊಬೈಲು ಬಡಕೊಂಡಿತು, ಪಕ್ಕದವನು ಅವನ ತಲೆಗೇ ಒಂದು ಬಿಟ್ಟ. ಹಾಡು ಮುಗಿದದ್ದೇ ತಡ, ಹಿಂದಿನ ಬೆಂಚಿನಿಂದ ಒಂದು ದನಿ, "ಒನ್ಸ್ ಮೋರ್!" ಯಾರದು ಅಂತ ಹೇಳೋದಿಲ್ಲ. ಮರುದಿನ ನನ್ನ ಗಂಟಲು ಕಟ್ಟಿತ್ತು, ಅಷ್ಟೇ. ಅದರ ಹಿಂದೆ ಇಡೀ ಥೇಟರು, "ಒನ್ಸ್ ಮೋರ್!"

ಚಿನ್ಮಯ ಕಣ್ಣೊರೆಸಿಕೊಂಡ. "ಹಾಡು ಇರುತ್ತೆ," ಅಂದ, "ಎಲ್ಲಾ ಆಟಕ್ಕೂ ಇರುತ್ತೆ."

ಪಕ್ಕದಲ್ಲೇ ನಿಂತಿದ್ದ ಬಾಳ್ಯಾ ಕೇಳಿದ, "ಒನ್ಸ್ ಮೋರ್ ಅಂದ್ರ ಏನ ಮಾಡಬೇಕ್ರೀ ಸರ?"

ಸಂತೋಷದಲ್ಲಿ ಚಿನ್ಮಯನಿಗೆ ಯಾರ ಹತ್ತಿರ ಮಾತಾಡುತ್ತಿದ್ದೇನೆ ಅನ್ನೋದು ಮರೆತುಹೋಯಿತು. "ಎಲ್ರೂ ಮಾಡಿದ್ದನ್ನೇ ಮತ್ತೆ ಮಾಡೋದು ಕಣಪ್ಪ."

ಬಾಳ್ಯಾ ತಂಬಿಗೆ ತುಂಬಿಸಿಕೊಂಡ.

ಸತ್ತ ರಾಜ ಅರೆಗಣ್ಣಿನಿಂದ ತಂಬಿಗೆ ಬರುವುದನ್ನು ಕಂಡ. ಕಂಡವನೇ ಎದ್ದು, ಪಂಚೆ ಎತ್ತಿಕೊಂಡು, ಎದುರಿನ ವಿಂಗಿಗೆ ಓಡಿದ. ರಾಣಿಯ ತೊಡೆ ಖಾಲಿ. ತಿಪ್ಪಣ್ಣ ಮಾಸ್ತರ ಆಗಲೇ ಸ್ವರ ಹಿಡಿದುಬಿಟ್ಟಿದ್ದ. ನೀಲಗಂಗವ್ವ ಮತ್ತೆ ಎದ್ದಳು.

"ಬಾಳ್ಯಾ, ಮಲಗಸೋ!"

ಬಾಳ್ಯಾ ಈ ಕಡೆ ನೋಡಿದ, ಆ ಕಡೆ ನೋಡಿದ. ಮಲಗಿಸಲು ಯಾರೂ ಇಲ್ಲ. ತಂಬಿಗೆ ಪಕ್ಕಕ್ಕಿಟ್ಟು, ತಾನೇ ಭಾರ್ಗವಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಕೈಕಾಲು ನೆಟ್ಟಗೆ ಮಾಡಿಕೊಂಡ. ಭಾರ್ಗವಿ ಏನು ಮಾಡಿಯಾಳು, ಹಾಡಿದಳು. ಮೊದಲಿಗಿಂತ ಚೆನ್ನಾಗಿ ಹಾಡಿದಳು. ಮುಂದಿನ ಸಾಲಿನಲ್ಲಿ ನೀಲಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅತ್ತಳೋ ನಕ್ಕಳೋ ಕಾಣಲಿಲ್ಲ.

ಹಾಡು ಮುಗಿಯಿತು. ಹೊಗೆ ಎದ್ದಿತು, ಶಂಖ ಮೊಳಗಿತು, ತ್ರಿಶೂಲ ಹಿಡಿದು ಈಶ್ವರ ಬಂದ.

"ಏಳು ರಾಜಾ. ನಿನ್ನ ಸತಿಯ ಭಕ್ತಿಗೆ ಮೆಚ್ಚಿದ್ದೇನೆ. ಮೇಲೇಳು."

ಹೆಣ ಅಲ್ಲಾಡಲಿಲ್ಲ.

"ಏಳು ರಾಜಾ," ಅಂದ ಈಶ್ವರ ಇನ್ನೂ ಜೋರಾಗಿ, ತ್ರಿಶೂಲ ಕುಟ್ಟಿ.

ಬಾಳ್ಯಾ ಒಂದು ಕಣ್ಣು ತೆರೆದ.

"ರಾಜ ಇಲ್ಲಿಲ್ರೀ ದೇವರ. ಆ ಕಡೆ ವಿಂಗಿನ್ಯಾಗ ಮುಖ ಒರಸಕೊಳ್ಳಾಕತ್ತಾನ. ಅಲ್ಲಿ ಹೋಗಿ ಹೇಳ್ರಿ."

ಅಂದು, ಕಣ್ಣು ಮುಚ್ಚಿ ಮತ್ತೆ ಸತ್ತ.